ಫ್ರಟರ್ನಿಟಿ ಸೇರುವುದಾದರೆ, ಯಾವಾಗ?

(ಅಮೆರಿಕದ ಕನ್ನಡ ಕೂಟವೊಂದು ಜುಲೈ ತಿಂಗಳಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ, ಕಾಲೇಜಿಗೆ ಹೊರಟಿರುವ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಕೂಟದವರು ನನಗೆ ಕೊಟ್ಟ ವಿಷಯ "ಫ್ರಟರ್ನಿಟಿ: ಸೇರಬೇಕೇ, ಬೇಡವೇ?" ಫ್ರಟರ್ನಿಟಿ ಅಂದರೆ ಇಲ್ಲಿನ ಕಾಲೇಜು ಹುಡುಗರು ಕಟ್ಟಿಕೊಂಡ, ಗ್ರೀಕ್ ಅಕ್ಷರಗಳ ಹೆಸರಿನ, ಹೆಚ್ಚಾಗಿ ತನ್ನದೇ ಮನೆಯಿರುವ ಸಂಘ; ಹುಡುಗಿಯರ ಸಂಘಕ್ಕೆ ಸೊರಾರಿಟಿ ಎನ್ನುತ್ತಾರೆ. ಕೂಟದವರ ಅನುಮತಿ ಪಡೆದು ವಿಷಯವನ್ನು ಸ್ವಲ್ಪ ಬದಲಿಸಿಕೊಂಡಿದ್ದೇನೆ. ಸೇರಬೇಕೋ ಬೇಡವೋ ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಒಂದು ಉತ್ತರ ಸಿಗುವುದಿಲ್ಲ. ಒಂದೇ ಗ್ರೀಕ್ ಹೆಸರಿನ ಸಂಸ್ಥೆ ಒಂದು ಊರಿನಲ್ಲಿ ಅಚ್ಚುಕಟ್ಟಾಗಿ ನಡೆಯುತ್ತಿರುತ್ತದೆ, ಇನ್ನೊಂದು ಊರಿನಲ್ಲಿ ವಿಶ್ವವಿದ್ಯಾಲಯವೇ ಅದರ ಬಾಗಿಲು ಹಾಕಿಸಿರುತ್ತದೆ. ಆದರೆ "ಯಾವಾಗ" ಎಂಬ ಪ್ರಶ್ನೆಗೆ ನನ್ನಲ್ಲಿ ಗಟ್ಟಿಯಾದ ಉತ್ತರ ಇದೆ. ವಿಶ್ವವಿದ್ಯಾಲಯವೊಂದರಲ್ಲಿ ವಿದ್ಯಾರ್ಥಿಗಳಿಗೆ ಕೋರ್ಸು, ಮೇಜರ್ (ಮುಖ್ಯ ವಿಷಯ) ಆರಿಸಿಕೊಳ್ಳಲು ಸಲಹೆ ಕೊಡುವ ಕೆಲಸ ನನ್ನದು. ಪ್ರತಿ ಸೆಪ್ಟೆಂಬರ್‌ನಲ್ಲೂ ಮಕ್ಕಳು ಈ ತೀರ್ಮಾನವನ್ನು ಅವಸರದಲ್ಲಿ ಮಾಡುವುದನ್ನು ನೋಡುತ್ತಾ ಬಂದಿದ್ದೇನೆ. ನನ್ನ ಮಾತು ಇಷ್ಟೇ: ಮೊದಲ ಸೆಮಿಸ್ಟರ್‌ನಲ್ಲಿ ಸೇರಬೇಡಿ. ಆ ಊರಿನಲ್ಲಿ ನಿಮಗೆ ಬೇರೆ ನಾಲ್ಕು ಜನ ಸ್ನೇಹಿತರು, ಬೇರೊಂದು ಜಾಗ ಅಂತ ಆದಮೇಲೆ, "ನನಗಿದು ಬೇಡ" ಎಂದು ಹೇಳಿ ಎದ್ದು ಬರಬಲ್ಲೆ ಎಂಬ ಧೈರ್ಯ ಬಂದಮೇಲೆ ಸೇರಿ. ಅದು ಎರಡನೇ ಸೆಮಿಸ್ಟರ್ ಆಗಬಹುದು, ಮೂರನೆಯದಾಗಬಹುದು, ಕೊನೆಯ ವರ್ಷವೂ ಆಗಬಹುದು.

ಊರಿನಲ್ಲಿ ಓದಿ ಇಲ್ಲಿಗೆ ಬಂದ ಅಪ್ಪ ಅಮ್ಮಂದಿರಿಗಾಗಿ ಮೊದಲು ಇದು ನಡೆಯುವ ಕ್ರಮ ಹೇಳುತ್ತೇನೆ. ಸೆಮಿಸ್ಟರ್ ಶುರುವಾಗುತ್ತಿದ್ದಂತೆ "ರಶ್" ಬರುತ್ತದೆ. ಫ್ರಟರ್ನಿಟಿಗಳ ಮನೆ ಮನೆಗೆ ಹೋಗಿ ಊಟ, ಆಟ, ಮಾತುಕತೆ. ಅವರು ನಿಮ್ಮನ್ನು ನೋಡುತ್ತಾರೆ, ನೀವು ಅವರನ್ನು ನೋಡುತ್ತೀರಿ. ಒಪ್ಪಿಗೆಯಾದರೆ "ಬಿಡ್" ಕೊಡುತ್ತಾರೆ, ಅಂದರೆ ಆಹ್ವಾನ. ಅದನ್ನು ಒಪ್ಪಿಕೊಂಡ ಮೇಲೆ ಕೆಲವು ವಾರಗಳ ಹೊಸ ಸದಸ್ಯರ ಅವಧಿ. ಹಳಬರು ಈಗಲೂ ಅದನ್ನು "ಪ್ಲೆಡ್ಜಿಂಗ್" ಎನ್ನುತ್ತಾರೆ. ಕೊನೆಗೆ ಗುಟ್ಟಿನ ವಿಧಿಗಳೊಂದಿಗೆ ದೀಕ್ಷೆ, "ಇನಿಶಿಯೇಷನ್". ಈ ವ್ಯವಸ್ಥೆ ಈ ದೇಶದಷ್ಟೇ ಹಳೆಯದು. ಗ್ರೀಕ್ ಅಕ್ಷರಗಳ ಹೆಸರಿನ ಮೊದಲ ವಿದ್ಯಾರ್ಥಿ ಸಂಘ ಫೈ ಬೀಟಾ ಕಪ್ಪಾ ಹುಟ್ಟಿದ್ದು 1776ರ ಡಿಸೆಂಬರ್‌ನಲ್ಲಿ, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ. ಅದು ಮುಂದೆ ಪ್ರತಿಭಾವಂತರನ್ನು ಗೌರವಿಸುವ ಸಂಸ್ಥೆಯಾಯಿತು. ಈಗ ನಾವು ಕಾಣುವ ಬಗೆಯ ಫ್ರಟರ್ನಿಟಿಗಳು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರಿಂದ ಈಚೆಗೆ ಶುರುವಾದವು.

ರಶ್ ಯಾವಾಗ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಇದನ್ನು ಅರ್ಜಿ ಹಾಕುವಾಗಲೇ ನೋಡಿಕೊಳ್ಳುವವರು ಕಡಿಮೆ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಹುಡುಗಿಯರ ಸೊರಾರಿಟಿ ರಶ್ ಆಗಸ್ಟ್‌ನಲ್ಲಿ, ತರಗತಿಗಳು ಶುರುವಾಗುವ ಮೊದಲೇ ನಡೆದುಹೋಗುತ್ತದೆ. ಮೊದಲ ಪಾಠ ಕೇಳುವುದಕ್ಕೆ ಮುಂಚೆ ನಾಲ್ಕು ವರ್ಷದ ಗೆಳತಿಯರನ್ನು ಆರಿಸಿ ಮುಗಿದಿರುತ್ತದೆ. ಕಾರ್ನೆಲ್‌ನಲ್ಲಿ ಮೊದಲ ವರ್ಷದವರು ಎರಡನೇ ಸೆಮಿಸ್ಟರ್‌ವರೆಗೆ ಕಾಯಬೇಕು. ಡಾರ್ಟ್‌ಮತ್‌ನಲ್ಲಿ ಎರಡನೇ ವರ್ಷಕ್ಕೆ ಬಂದಮೇಲೆಯೇ. ಪ್ರಿನ್ಸ್‌ಟನ್ 2012ರಲ್ಲಿ ಮೊದಲ ವರ್ಷದವರು ಸೇರುವುದನ್ನೇ ನಿಷೇಧಿಸಿತ್ತು. ಡ್ಯೂಕ್ 2021ರಲ್ಲಿ ರಶ್ಶನ್ನು ಎರಡನೇ ವರ್ಷಕ್ಕೆ ಮುಂದೂಡಿದಾಗ, ಅಲ್ಲಿನ ಹಲವು ಫ್ರಟರ್ನಿಟಿಗಳು ವಿಶ್ವವಿದ್ಯಾಲಯದ ಮಾನ್ಯತೆಯೇ ಬೇಡ ಎಂದು ಹೊರನಡೆದವು. ಆ ಪ್ರತಿಕ್ರಿಯೆಯನ್ನು ಸ್ವಲ್ಪ ಯೋಚಿಸಿ ನೋಡಿ. ಒಂದು ವರ್ಷ ಕಾಯುವುದಕ್ಕೆ ಒಪ್ಪದೆ ಮಾನ್ಯತೆಯನ್ನೇ ಬಿಟ್ಟರು ಎಂದರೆ, ಮೊದಲ ವರ್ಷದ ಮಕ್ಕಳು ಅವರಿಗೆ ಎಷ್ಟು ಬೇಕು ಎಂಬುದು ಗೊತ್ತಾಗುತ್ತದೆ. ಹೊಸಬರ ಶುಲ್ಕ ಬೇಕು, ಮನೆಯ ಕೋಣೆಗಳು ತುಂಬಬೇಕು. ಇನ್ನೊಂದು ಕಾರಣವೂ ಇದೆ. ಊರಿಗೆ ಹೊಸಬರಾದವರು ಬೇಗ ಒಪ್ಪಿಕೊಳ್ಳುತ್ತಾರೆ.

ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ಕಾಲವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮನೆಯಲ್ಲಿ ಅಮ್ಮ ಬಾಗಿಲು ತಟ್ಟಿ "ಊಟಕ್ಕೆ ಬಾರೋ" ಎನ್ನುತ್ತಿದ್ದ ಹುಡುಗ ಈಗ ಸಾವಿರ ಜನರ ಡೈನಿಂಗ್ ಹಾಲ್‌ನಲ್ಲಿ ತಟ್ಟೆ ಹಿಡಿದುಕೊಂಡು ಎಲ್ಲಿ ಕೂರಲಿ ಎಂದು ನಿಂತಿರುತ್ತಾನೆ. ಅವನ ಕಡೆ ಮೂವರು ಸೀನಿಯರ್‌ಗಳು ಹೆಸರು ಹಿಡಿದು ಕರೆಯುತ್ತಾ ಬಂದರೆ ಹೇಗಿರುತ್ತದೆ? ಒಮ್ಮೆ ಒಬ್ಬ ವಿದ್ಯಾರ್ಥಿ ನನ್ನ ಮೇಜಿನ ಮುಂದೆ ಬಿಡ್ ಕಾರ್ಡ್ ಇಟ್ಟುಕೊಂಡು ಕೂತಿದ್ದ. ದಪ್ಪ ಕಾಗದ, ಮೇಲೆ ಉಬ್ಬಚ್ಚಿನ ಲಾಂಛನ, ಒಳಗೆ ಶಾಯಿಯಲ್ಲಿ ಬರೆದ ಅವನ ಹೆಸರು. ಮರುದಿನ ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಶುಲ್ಕ ಎಷ್ಟು ಅಂದೆ, ಗೊತ್ತಿರಲಿಲ್ಲ. ವಾರಕ್ಕೆ ಎಷ್ಟು ಗಂಟೆ ಅಂದೆ, ಗೊತ್ತಿರಲಿಲ್ಲ. ಮುಂದಿನ ವರ್ಷ ಆ ಮನೆಯಲ್ಲೇ ಇರಬೇಕೇ ಅಂದೆ, ಅದೂ ಗೊತ್ತಿರಲಿಲ್ಲ. "ಮತ್ತೆ ಯಾಕೆ ಸೇರಬೇಕು ಅನ್ನಿಸಿತು?" ಎಂದು ಕೇಳಿದೆ. "ಅವರು ನನ್ನನ್ನು ಮಾತಾಡಿಸಿದರು" ಅಂದ. ಆ ಉತ್ತರದಲ್ಲಿ ತಪ್ಪೇನೂ ಇಲ್ಲ. ಯಾರಾದರೂ ಮಾತಾಡಿಸಲಿ ಎಂದು ಎಲ್ಲರಿಗೂ ಇರುತ್ತದೆ. ಆದರೆ ಎರಡು ತಿಂಗಳಲ್ಲಿ ಲ್ಯಾಬ್ ಪಾರ್ಟ್ನರ್ ಮಾತಾಡಿಸುತ್ತಾಳೆ, ಪಕ್ಕದ ಕೋಣೆಯವನು ಮಾತಾಡಿಸುತ್ತಾನೆ, ಕ್ರಿಕೆಟ್ ಕ್ಲಬ್ಬಿನವರು ಮಾತಾಡಿಸುತ್ತಾರೆ. ಆಮೇಲೂ ಆ ಮನೆಯವರೇ ಬೇಕು ಅನ್ನಿಸಿದರೆ ಅದು ಆಯ್ಕೆ.

ಅವಸರ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣ, ಇದನ್ನು ತಿದ್ದಿಕೊಳ್ಳುವುದು ಕಷ್ಟ. ದೀಕ್ಷೆಗೆ ಮುಂಚೆ ಯಾವ ದಿನ ಬೇಕಾದರೂ ಬಿಟ್ಟು ಬರಬಹುದು. ದೀಕ್ಷೆ ಆದಮೇಲೆ ಸಾಮಾನ್ಯ ಫ್ರಟರ್ನಿಟಿಗಳಲ್ಲಿ ಒಂದಕ್ಕೆ ಸೇರಿದವರು ಇನ್ನೊಂದಕ್ಕೆ ಸೇರುವಂತಿಲ್ಲ. ಬೇರೆ ಊರಿನ ಕಾಲೇಜಿಗೆ ವರ್ಗಾವಣೆಯಾದರೂ ಅಷ್ಟೇ. ಸೊರಾರಿಟಿಗಳ ಔಪಚಾರಿಕ ರಶ್ಶಿನಲ್ಲಂತೂ ಕೊನೆಯ ದಿನ ಹುಡುಗಿಯರು ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಅದರಲ್ಲಿ ಬರೆದ ಮನೆಯಿಂದ ಬಿಡ್ ಬಂದು ಅದನ್ನು ನಿರಾಕರಿಸಿದರೆ, ಆ ಕ್ಯಾಂಪಸ್ಸಿನಲ್ಲಿ ಸುಮಾರು ಒಂದು ವರ್ಷ ಅದೇ ಒಕ್ಕೂಟಕ್ಕೆ ಸೇರಿದ ಬೇರೆ ಯಾವ ಸೊರಾರಿಟಿಗೂ ಸೇರುವಂತಿಲ್ಲ. ಹದಿನೆಂಟು ವರ್ಷದ ಮಗಳು, ವಾರವಿಡೀ ನಿದ್ದೆಯಿಲ್ಲದೆ ನಡೆದಾಡಿ, ಕೊನೆಯ ಸಂಜೆ ಫೋನಿನ ಪರದೆಯ ಮೇಲೆ ಹಾಕುವ ಸಹಿ ಅದು. ಸಹಿ ಮಾಡುವ ಮುಂಚೆ ಓದಮ್ಮ ಎಂದು ಇವತ್ತೇ ಹೇಳಿಡಿ.

ಇನ್ನು ಓದಿನ ವಿಷಯ. ಅಪ್ಪಂದಿರ ಕಿವಿ ನೆಟ್ಟಗಾಗುವ ಜಾಗ ಇದು, ಆಗಲಿ. ಹೊಸ ಸದಸ್ಯರ ಅವಧಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಂದರೆ ಅದು ಕ್ಯಾಲ್ಕುಲಸ್, ಕೆಮಿಸ್ಟ್ರಿಯ ಮೊದಲ ಮಿಡ್‌ಟರ್ಮ್‌ಗಳ ಮೇಲೇ ಬಂದು ಕೂರುತ್ತದೆ. ಕಾಲೇಜಿನ ಪರೀಕ್ಷೆ ಹೇಗಿರುತ್ತದೆ ಎಂದೇ ತಿಳಿಯದ ಹೊತ್ತಿನಲ್ಲಿ ಸಂಜೆಗಳು ಕೈತಪ್ಪುತ್ತವೆ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್‌ಗೆ ಸೇರಿದರೂ ಶಾಖೆ ನಿರ್ಧಾರವಾಗುವುದು ಮೊದಲ ವರ್ಷದ ಅಂಕಗಳ ಮೇಲೆ. ಟೆಕ್ಸಾಸ್ ಎ ಅಂಡ್ ಎಂ ಇತ್ತೀಚಿನ ವರ್ಷಗಳಲ್ಲಿ 3.75 ಜಿಪಿಎ (ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಇದ್ದವರಿಗೆ ಮಾತ್ರ ಮೊದಲ ಆಯ್ಕೆಯ ಶಾಖೆ ಖಾತ್ರಿ ಎಂದಿದೆ. ಅದಕ್ಕಿಂತ ಕಡಿಮೆಯಾದರೆ ಪೈಪೋಟಿ. ಅಂಥ ಕಡೆ ಮೊದಲ ಸೆಮಿಸ್ಟರ್‌ನ ಒಂದು ಸಿ ಗ್ರೇಡ್ ಕಂಪ್ಯೂಟರ್ ಸೈನ್ಸ್ ಸಿಗುವುದನ್ನೇ ತಪ್ಪಿಸಬಹುದು.

"ಆದರೆ ನೆಟ್‌ವರ್ಕ್ ಸಿಗುತ್ತದಲ್ಲ, ಮುಂದೆ ಒಳ್ಳೆಯ ಕೆಲಸ ಸಿಗುತ್ತದಲ್ಲ?" ಎಂದು ಕೇಳುತ್ತಾರೆ. ಇದರ ಬಗ್ಗೆ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ. ಈಶಾನ್ಯ ಭಾಗದ ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ಆಧರಿಸಿದ ಅಧ್ಯಯನವೊಂದು ಫ್ರಟರ್ನಿಟಿ ಸದಸ್ಯತ್ವದಿಂದ ಜಿಪಿಎ ಸುಮಾರು 0.25 ಇಳಿಯುತ್ತದೆ, ಮುಂದಿನ ಆದಾಯ ಸುಮಾರು 36 ಶೇಕಡಾ ಏರುತ್ತದೆ ಎಂದಿತು. ಫ್ರಟರ್ನಿಟಿಯವರು ಈ ಎರಡನೇ ಅಂಕಿಯನ್ನು ಖುಷಿಯಿಂದ ಹೇಳುತ್ತಾರೆ. ಆಮೇಲೆ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವೊಂದರ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಇನ್ನೊಂದು ಅಧ್ಯಯನದಲ್ಲಿ ಅಂಕಗಳು ಇಳಿಯುವುದು ಕಂಡಿತು, ಆದಾಯ ಏರುವುದು ಕಾಣಲಿಲ್ಲ. ಅಂಕ ಇಳಿಯುತ್ತದೆ ಎನ್ನುವುದರಲ್ಲಿ ಎರಡೂ ಒಪ್ಪುತ್ತವೆ. ಹಾಗಿರುವಾಗ ಅಂಕಕ್ಕೆ ಹೆಚ್ಚು ಬೆಲೆಯಿರುವ ಸೆಮಿಸ್ಟರ್‌ನಲ್ಲೇ ಯಾಕೆ ಸೇರಬೇಕು?

ಈಗ ಕಷ್ಟದ ಮಾತು. ಇದನ್ನು ಮಕ್ಕಳ ಮುಂದೆಯೇ ಹೇಳುತ್ತೇನೆ.

ನಮ್ಮಲ್ಲಿ ಅನೇಕರು ಕರ್ನಾಟಕದ ಕಾಲೇಜು ಹಾಸ್ಟೆಲುಗಳಲ್ಲಿ ರ‍್ಯಾಗಿಂಗ್ ಕಂಡವರು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯೇ ಅದನ್ನು ಅಪರಾಧ ಎಂದಿದ್ದರೂ ಅನುಭವಿಸಿದವರಿಗೆ ಗೊತ್ತು. ಹಾಗಾಗಿ ಹೇಜಿಂಗ್, ಅಂದರೆ ಫ್ರಟರ್ನಿಟಿ ಸೇರುವ ಹೊಸಬರಿಗೆ ಕೊಡುವ ಕಿರುಕುಳ, ಎಂದಾಗ "ಓ, ಅದೇ ತಾನೇ, ನಾವೂ ಸಹಿಸಿಕೊಂಡೆವು" ಎನ್ನುವ ಭಾವ ಕೆಲವರಿಗೆ ಬರುತ್ತದೆ. ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ರ‍್ಯಾಗಿಂಗ್ ಮಾಡುವ ಸೀನಿಯರ್ ಕಂಡರೆ ನಾವು ಬಚ್ಚಿಟ್ಟುಕೊಳ್ಳುತ್ತಿದ್ದೆವು. ಇಲ್ಲಿ ಹುಡುಗ ತಾನಾಗಿ ಆ ಮನೆಗೆ ಹೋಗುತ್ತಾನೆ, ಅವರ ಮೆಚ್ಚುಗೆ ಬೇಕು ಎಂದು ಹೋಗುತ್ತಾನೆ. ಮನಸ್ಸೇ ಒಪ್ಪಿರುವಾಗ ತಪ್ಪಿಸಿಕೊಳ್ಳಬೇಕು ಎಂದು ಅನ್ನಿಸುವುದೇ ಇಲ್ಲ.

ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಿಮೋತಿ ಪಿಯಾಝಾ ಎಂಬ 19 ವರ್ಷದ ಹುಡುಗನ ವಿಷಯ ನೀವು ಕೇಳಿರಬಹುದು. 2017ರ ಫೆಬ್ರವರಿ 2ರ ರಾತ್ರಿ ಬಿಡ್ ಒಪ್ಪಿಕೊಂಡ ಸಂಭ್ರಮದಲ್ಲಿ ಅವನಿಗೆ ವಿಪರೀತ ಕುಡಿಸಲಾಯಿತು. ಮೆಟ್ಟಿಲಿನಿಂದ ಬಿದ್ದ. ಸುತ್ತ ಅಷ್ಟು ಜನ ಇದ್ದರೂ ಬೆಳಗಿನವರೆಗೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಎರಡು ದಿನದಲ್ಲಿ ತೀರಿಕೊಂಡ. ಆ ಮನೆಯಲ್ಲಿ ಮದ್ಯ ನಿಷೇಧ ಎಂದು ನಿಯಮವಿತ್ತು. ಹೇಜಿಂಗ್ ವಿರುದ್ಧ ಅವನ ಹೆಸರಿನ ಕಾನೂನು 2018ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಬಂತು.

ಇನ್ನೊಂದು ಸಂಗತಿ ನೆನಪಿಟ್ಟುಕೊಳ್ಳಿ. ಹೊಸ ಸದಸ್ಯರ ಅವಧಿಯಲ್ಲಿ "ಬಿಗ್-ಲಿಟಲ್ ನೈಟ್" ಅಂತ ಒಂದು ರಾತ್ರಿ ಇರುತ್ತದೆ. ಪ್ರತಿ ಹೊಸಬನಿಗೂ ಒಬ್ಬ "ಅಣ್ಣ" ಸಿಗುವ ರಾತ್ರಿ. ಕೆಲವು ಮನೆಗಳಲ್ಲಿ ಆ ಅಣ್ಣ ತಮ್ಮನ ಕೈಗೆ ಒಂದು ಇಡೀ ಬಾಟಲಿ ವಿಸ್ಕಿ ಕೊಡುವ ರೂಢಿ. 2017ರ ನವೆಂಬರ್‌ನಲ್ಲಿ ಫ್ಲೋರಿಡಾ ಸ್ಟೇಟ್‌ನಲ್ಲಿ, 2021ರ ಫೆಬ್ರವರಿಯಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್‌ನಲ್ಲಿ, ಅದರ ಮರುತಿಂಗಳೇ ಒಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ, ಮೂರು ಬೇರೆ ಬೇರೆ ಸಂಸ್ಥೆಗಳ ಮೂವರು ಹುಡುಗರು ಇಂಥದೇ ರಾತ್ರಿಯಲ್ಲಿ, ಇಂಥದೇ ಬಾಟಲಿಯಿಂದ ಸತ್ತರು. ಅಪ್ಪ ಅಮ್ಮಂದಿರೇ, ಮಗ ಸೇರುವುದೇ ಆದರೆ ಆ ರಾತ್ರಿ ಯಾವ ತಾರೀಕು ಎಂದು ಕೇಳಿ ತಿಳಿದುಕೊಳ್ಳಿ. ಆ ದಿನ ಫೋನ್ ಮಾಡಿ. ಮಕ್ಕಳೇ, ನಿಮಗೂ ಒಂದು ಮಾತು. ಮುಂದಿನ ವರ್ಷ ಆ ಬಾಟಲಿ ಕೊಡುವ ಅಣ್ಣ ನೀವೇ ಆಗಿರುತ್ತೀರಿ. ಈ ಪ್ರಕರಣಗಳಲ್ಲಿ ಕ್ರಿಮಿನಲ್ ಕೇಸು ಬಿದ್ದದ್ದು ಅಂಥ ಅಣ್ಣಂದಿರ ಮೇಲೂ, ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರ ಮೇಲೆ. ಹಲವು ರಾಜ್ಯಗಳಲ್ಲಿ ಹೇಜಿಂಗ್‌ನಿಂದ ಸಾವಾದರೆ ಅದು ಫೆಲನಿ, ಅಂದರೆ ಗಂಭೀರ ಅಪರಾಧ. "ಅವನೇ ಒಪ್ಪಿ ಕುಡಿದ" ಎಂಬ ವಾದವನ್ನು ಅನೇಕ ರಾಜ್ಯಗಳ ಕಾನೂನು ಕೇಳುವುದಿಲ್ಲ. ವೀಸಾದ ಮೇಲೆ ಇರುವವರಿಗೆ ಇದರ ಅರ್ಥ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಸತ್ತವರೆಲ್ಲ ಮೊದಲ ಸೆಮಿಸ್ಟರ್‌ನವರಲ್ಲ. ಪಿಯಾಝಾ ಎರಡನೇ ವರ್ಷದವನು. ಫ್ಲೋರಿಡಾದ ಹುಡುಗ ಮೂರನೇ ವರ್ಷದವನು. ಆದ್ದರಿಂದ ಕಾದರೆ ಸಾಕು, ಏನೂ ಆಗುವುದಿಲ್ಲ ಎಂದು ನಾನು ಹೇಳಲಾರೆ. ಕಾಯುವುದರಿಂದ ಸಿಗುವುದು ಆ ಮನೆಯನ್ನು ಹೊರಗಿನಿಂದ ನೋಡುವ ಸಮಯ, ಮತ್ತು ಕೈಗೆ ಬಾಟಲಿ ಬಂದಾಗ ಅದನ್ನು ಕೆಳಗಿಟ್ಟು ಹೋಗಲು ಇನ್ನೊಂದು ಜಾಗ.

"ನಮ್ಮವರದೇ ಇವೆಯಲ್ಲ, ಅಲ್ಲಿಗೆ ಸೇರಿದರೆ?" ಎಂದು ಮೊನ್ನೆ ಒಬ್ಬ ತಾಯಿ ಕೇಳಿದರು. ಹೌದು, ದಕ್ಷಿಣ ಏಷ್ಯಾ ಮೂಲದ ಮಕ್ಕಳು ಕಟ್ಟಿದ ಸಂಸ್ಥೆಗಳಿವೆ. 1994ರಲ್ಲಿ ಬಿಂಗ್‌ಹ್ಯಾಮ್‌ಟನ್‌ನಲ್ಲಿ ಅಯೋಟಾ ನೂ ಡೆಲ್ಟಾ, 1998ರಲ್ಲಿ ಆಸ್ಟಿನ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, 1999ರಲ್ಲಿ ಯುಸಿಎಲ್‌ಎಯಲ್ಲಿ ಬೀಟಾ ಕೈ ಥೀಟಾ. ಹುಡುಗಿಯರಿಗೆ ಡೆಲ್ಟಾ ಫೈ ಒಮೇಗಾ, ಹ್ಯೂಸ್ಟನ್‌ನಲ್ಲಿ 1998ರಲ್ಲಿ. ಹಳೆಯ ಫ್ರಟರ್ನಿಟಿಗಳು ಎಷ್ಟೋ ದಶಕ ಬಿಳಿಯರಿಗೆ ಮಾತ್ರ ಎಂದು ನಿಯಮದಲ್ಲೇ ಬರೆದುಕೊಂಡಿದ್ದವು ಎಂಬುದನ್ನು ನೆನೆದರೆ ಇವುಗಳ ಹುಟ್ಟು ಅರ್ಥವಾಗುತ್ತದೆ. ದೀಪಾವಳಿಗೆ ರಜೆ ಇಲ್ಲದ ಊರಿನಲ್ಲಿ ಒಟ್ಟಿಗೆ ದೀಪ ಹಚ್ಚುವ ಜನ ಸಿಗುವುದು ಸಣ್ಣ ಮಾತಲ್ಲ. ಆದರೆ ಮೈಬಣ್ಣ ಒಂದೇ ಎಂಬ ಕಾರಣಕ್ಕೆ ಪರಿಶೀಲನೆ ಬಿಡಬೇಡಿ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೊಬ್ಬನನ್ನು ಏಷ್ಯನ್-ಅಮೆರಿಕನ್ ಫ್ರಟರ್ನಿಟಿಯೊಂದು ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟಗಳಿಗೆ ಕರೆದೊಯ್ದು, ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಭಾರ ಹೇರಿ, ಓಡಿ ಬಂದು ಗುದ್ದಿ ಕೆಡವುವ ವಿಧಿಗೆ ಒಡ್ಡಿತು. ಅವನು ಸತ್ತ. ಆ ಸಾವಿಗೆ ಕಾರಣ ಮದ್ಯವಲ್ಲ. 2018ರಲ್ಲಿ ನ್ಯಾಯಾಲಯ ಆ ಸಂಸ್ಥೆಯನ್ನು ಪೆನ್ಸಿಲ್ವೇನಿಯಾದಿಂದ ಹತ್ತು ವರ್ಷ ಹೊರಗಿಡಲು ಆದೇಶಿಸಿತು.

ತಡವಾಗಿ ಸೇರಿದರೆ ನಷ್ಟವೇ ಇಲ್ಲವೇ? ಇದೆ. ಕೆಲವು ಮನೆಗಳು ಮೂರನೇ ವರ್ಷದವರಿಗೆ ಬಿಡ್ ಕೊಡಲು ಹಿಂಜರಿಯುತ್ತವೆ. ಒಟ್ಟಿಗೆ ಸೇರಿದ ಬ್ಯಾಚಿನಲ್ಲಿ ನೀವೇ ವಯಸ್ಸಿನಲ್ಲಿ ದೊಡ್ಡವರು ಎಂದಾಗಬಹುದು. ಮುಂದಿನ ಆಗಸ್ಟ್‌ನ ಬಾಡಿಗೆ ಮನೆಗೆ ಹಿಂದಿನ ಅಕ್ಟೋಬರ್-ನವೆಂಬರ್‌ನಲ್ಲೇ ಸಹಿ ಹಾಕಿಸಿಕೊಳ್ಳುವ ಊರುಗಳಿವೆ. ಆ ಸಹಿ ಹಾಕಿದಮೇಲೆ, ಸದಸ್ಯರು ಸಂಘದ ಮನೆಯಲ್ಲೇ ಇರಬೇಕು ಎನ್ನುವ ಫ್ರಟರ್ನಿಟಿಗೆ ಸೇರಿದರೆ ಎರಡು ಕಡೆ ಬಾಡಿಗೆ ಕಟ್ಟಬೇಕಾಗುತ್ತದೆ. ಅದಕ್ಕೇ ಕಾಯುವವರು ಮನೆಯ ವಿಷಯದಲ್ಲಿ ಸ್ವಲ್ಪ ಮುಂದಾಲೋಚನೆ ಇಟ್ಟುಕೊಳ್ಳಬೇಕು.

ಆದರೆ ತಡವಾಗಿ ಸೇರಿದವರಿಗೆ ಬೆಲೆಯಿಲ್ಲ ಎನ್ನುವುದು ಸುಳ್ಳು. ಕಮಲಾ ಹ್ಯಾರಿಸ್ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೊರಾರಿಟಿಗೆ ಸೇರಿದ್ದು 1986ರಲ್ಲಿ. ಅದೇ ವರ್ಷ ಅವರ ಪದವಿಯೂ ಮುಗಿಯಿತು. ಅವರು ಅಧ್ಯಕ್ಷ ಚುನಾವಣೆಗೆ ನಿಂತಾಗ ಆ ಸೊರಾರಿಟಿಯ ಹೆಂಗಸರು ಊರೂರಲ್ಲಿ ಬೆನ್ನಿಗೆ ನಿಂತದ್ದನ್ನು ನಾವೆಲ್ಲ ಕಂಡೆವು. ಮಾರ್ಟಿನ್ ಲೂಥರ್ ಕಿಂಗ್ ಆಲ್ಫಾ ಫೈ ಆಲ್ಫಾ ಸೇರಿದ್ದು 1952ರಲ್ಲಿ, ಬಾಸ್ಟನ್‌ನಲ್ಲಿ ಡಾಕ್ಟರೇಟ್‌ಗೆ ಓದುತ್ತಿದ್ದಾಗ. ಈ ಎರಡೂ ಸೇರಿದಂತೆ ಕಪ್ಪು ಜನರು ಕಟ್ಟಿದ ಒಂಬತ್ತು ಸಂಸ್ಥೆಗಳಿವೆ. ಅವುಗಳಲ್ಲಿ ಸಾಮಾನ್ಯವಾಗಿ ಇಷ್ಟು ಕ್ರೆಡಿಟ್ ಮುಗಿಸಿರಬೇಕು, ಇಷ್ಟು ಜಿಪಿಎ ಇರಬೇಕು ಎಂದಿರುತ್ತದೆ. ಊರಿಗೆ ಬಂದಿಳಿದ ವಾರವೇ ಸೇರಿಸಿಕೊಳ್ಳುವ ಪದ್ಧತಿ ಅಲ್ಲಿಲ್ಲ. ಓದು ಮುಗಿದ ಮೇಲೂ ಸದಸ್ಯರಾಗಿ ಕೆಲಸ ಮಾಡುವುದೇ ಅಲ್ಲಿ ಮುಖ್ಯ. ನನಗೆ ಆ ಕ್ರಮ ಹೆಚ್ಚು ಸರಿ ಕಾಣುತ್ತದೆ.

ವೃತ್ತಿಪರ ಫ್ರಟರ್ನಿಟಿಗಳೂ ಇವೆ, ಇವುಗಳ ಬಗ್ಗೆ ನಮ್ಮ ಜನಕ್ಕೆ ಅಷ್ಟಾಗಿ ತಿಳಿದಿಲ್ಲ. ಎಂಜಿನಿಯರಿಂಗ್‌ನವರಿಗೆ ಥೀಟಾ ಟಾವ್, ಬಿಸಿನೆಸ್‌ನವರಿಗೆ ಆಲ್ಫಾ ಕಪ್ಪಾ ಸೈ, ಎರಡೂ 1904ರಲ್ಲಿ ಹುಟ್ಟಿದವು. ಗಂಡು ಹೆಣ್ಣು ಇಬ್ಬರೂ ಸೇರಬಹುದು. ಮೇಜರ್ ನಿಶ್ಚಯವಾದ ಮೇಲೆ ಸೇರಿದರೆ ಅರ್ಥ. ಅಲ್ಲಿಯೂ ಪರಿಶೀಲಿಸಿಯೇ ಸೇರಬೇಕು.

ಕಾಯುವ ಆ ಸೆಮಿಸ್ಟರ್‌ನಲ್ಲಿ ಏನು ಮಾಡಬೇಕು? ರಶ್‌ಗೆ ಹೋಗಿ. ಊಟ ಮಾಡಿ, ಮಾತಾಡಿ, ಬಿಡ್ ತಗೊಳ್ಳಬೇಡಿ. "ಈ ಸಲ ನೋಡಲು ಬಂದಿದ್ದೇನೆ, ಮುಂದಿನ ಸಲ ಯೋಚಿಸುತ್ತೇನೆ" ಅನ್ನಿ. ಅದಕ್ಕೆ ಮುಖ ಗಂಟಿಕ್ಕುವ ಮನೆ ಯಾವುದು, "ಆಗಲಿ, ಬರುತ್ತಾ ಇರು" ಎನ್ನುವ ಮನೆ ಯಾವುದು ಎಂದು ಅಲ್ಲೇ ತಿಳಿಯುತ್ತದೆ. 2024ರ ಡಿಸೆಂಬರ್‌ನಲ್ಲಿ ಸಹಿಯಾದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್ ಪ್ರಕಾರ ಕಾಲೇಜುಗಳು ಹೇಜಿಂಗ್ ನಿಯಮ ಮುರಿದ ಸಂಘಗಳ ಹೆಸರು, ಏನು ಮಾಡಿದರು, ಏನು ಶಿಕ್ಷೆಯಾಯಿತು ಎಂಬುದನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಅದನ್ನು ತೆಗೆದು ಓದಿ. ಹೋದ ವರ್ಷ ಎಷ್ಟು ಜನ ಸೇರಿದರು, ಅವರಲ್ಲಿ ದೀಕ್ಷೆಯವರೆಗೆ ಎಷ್ಟು ಜನ ಉಳಿದರು ಎಂದು ಕೇಳಿ. ನಡುವೆ ಬಿಟ್ಟವನೊಬ್ಬನನ್ನು ಹುಡುಕಿ ಮಾತಾಡಿಸಿ. ಶುಲ್ಕದ ಪಟ್ಟಿಯನ್ನು ಬರಹದಲ್ಲಿ ಕೇಳಿ, ಏಕೆಂದರೆ ಮೊದಲ ಸೆಮಿಸ್ಟರ್‌ನಲ್ಲಿ ಹೊಸಬರ ಶುಲ್ಕ, ದೀಕ್ಷೆಯ ಶುಲ್ಕ, ಪಿನ್ನು, ವಿಮೆ ಎಂದು ಸೇರುತ್ತಾ ಹೋಗಿ ಮೊತ್ತ ಬೆಳೆಯುತ್ತದೆ.

ಮಾತು ಮುಗಿದಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು ತಂದೆ, "ಸರ್, ಮಗ ಆಗಲೇ ಹೋದ ವರ್ಷ ಸೇರಿಬಿಟ್ಟಿದ್ದಾನೆ, ಈಗ ಬಿಡಿಸಬೇಕೇ?" ಎಂದರು. ಬೇಕಿಲ್ಲ. ಅವನು ಅಲ್ಲಿ ಚೆನ್ನಾಗಿದ್ದಾನೆಯೇ, ಹೊರಗಿನ ಸ್ನೇಹಿತರನ್ನು ಉಳಿಸಿಕೊಂಡಿದ್ದಾನೆಯೇ ಎಂದು ವಿಚಾರಿಸಿ. ಈ ಸೆಪ್ಟೆಂಬರ್‌ನಲ್ಲಿ ಹೊಸಬರು ಬರುವಾಗ ಅವನಿಗೆ ಏನು ಕೆಲಸ ವಹಿಸಿದ್ದಾರೆ ಎಂದು ಕೇಳಿ. ಅವನ ಉತ್ತರದಲ್ಲಿ ಆ ಮನೆಯ ರೀತಿ ನಿಮಗೆ ತಿಳಿಯುತ್ತದೆ.

ಈ ಆಗಸ್ಟ್‌ನಲ್ಲಿ ಹೊರಟಿರುವ ಹುಡುಗಿಯೊಬ್ಬಳು ಕೇಳಿದ್ದು ಬೇರೆ. "ಅಂಕಲ್, ಪಾರ್ಟಿಯಲ್ಲಿ ಯಾರಾದರೂ ಎಚ್ಚರ ತಪ್ಪಿ ಬಿದ್ದರೆ, ನಾನೂ ಕುಡಿದಿದ್ದರೆ, ಫೋನ್ ಮಾಡಿದರೆ ನನಗೂ ಕೇಸ್ ಆಗತ್ತಾ?" ಕುಡಿಯಲು ಕಾನೂನು ಒಪ್ಪುವ ಇಪ್ಪತ್ತೊಂದು ವರ್ಷ ತುಂಬದವರ ತಲೆಯಲ್ಲಿ ಆ ಕ್ಷಣ ಇದೇ ಭಯ ಇರುತ್ತದೆ, ಪ್ರಾಣ ಹೋಗುವುದು ಈ ಭಯದಿಂದಲೇ. ಬಹಳಷ್ಟು ರಾಜ್ಯಗಳಲ್ಲಿ, ಕಾಲೇಜುಗಳಲ್ಲಿ ಮೆಡಿಕಲ್ ಆಮ್ನೆಸ್ಟಿ ಎಂಬ ರಕ್ಷಣೆ ಇದೆ. ಸಹಾಯಕ್ಕೆ ಕರೆದು, ಆ ವ್ಯಕ್ತಿಯ ಜೊತೆಗೇ ಉಳಿದು, ಬಂದವರಿಗೆ ನಿಜ ಹೇಳಿದವರನ್ನು ಕುಡಿದದ್ದಕ್ಕಾಗಿ ಶಿಕ್ಷಿಸುವುದಿಲ್ಲ. ಫ್ಲೋರಿಡಾದಲ್ಲಿ ಸತ್ತ ಹುಡುಗನ ಹೆಸರಿನಲ್ಲಿ 2019ರಲ್ಲಿ ಬಂದ ಕಾನೂನು, ಹೇಜಿಂಗ್ ಪ್ರಕರಣದಲ್ಲೂ ಮೊದಲು ಕರೆ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ನೀನು ಹೋಗುವ ರಾಜ್ಯದ, ಕಾಲೇಜಿನ ನಿಯಮವನ್ನು ಈ ವಾರವೇ ಅಮ್ಮನ ಜೊತೆ ಕೂತು ಓದಿಕೊ. ನಿಯಮ ನೆನಪಾಗದಿದ್ದರೂ ತುರ್ತು ಸಹಾಯದ 911ಕ್ಕೆ ಕರೆ ಮಾಡು. ಬಿದ್ದವರನ್ನು ಮಗ್ಗುಲಿಗೆ ಮಲಗಿಸು, ಅಂಗಾತ ಬೇಡ, ಒಬ್ಬರನ್ನೇ ಬಿಟ್ಟು ಹೋಗಬೇಡ. "ಮಲಗಿದರೆ ಸರಿಹೋಗುತ್ತಾನೆ" ಎಂದು ಯಾರು ಹೇಳಿದರೂ ಕೇಳಬೇಡ.